ಚಿಪ್ಪರ್ ಬ್ಲೇಡಿಗೆ ಸಾಣೆ: ಮನೆಯಲ್ಲೇ ಹಿಡಿಯುವುದೋ, ವರ್ಕ್‌ಶಾಪಿಗೆ ಕೊಡುವುದೋ, ಹೊಸದು ಹಾಕುವುದೋ?

ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರದ ಕಡೆಯ ಅಡಿಕೆ ತೋಟಗಳಲ್ಲಿಯೂ ಹೊಸದುರ್ಗ, ಹಿರಿಯೂರಿನ ತೆಂಗಿನ ತೋಟಗಳಲ್ಲಿಯೂ ಉದುರಿದ ಸೋಗೆ, ಗರಿ ಮತ್ತು ಸವರಿದ ಕೊಂಬೆಗಳನ್ನು ಬದುವಿನ ಮೇಲೆ ಒಟ್ಟಿ ಬೆಂಕಿ ಹಾಕುವ ಬದಲು, ಚೂರು ಮಾಡಿ ಗಿಡದ ಬುಡಕ್ಕೆ ಹೊದಿಸುವವರು ಹೆಚ್ಚುತ್ತಿದ್ದಾರೆ. ಅದರ ಜೊತೆಯಲ್ಲೇ ಎರಡು ಮೂರು ಎಚ್‌ಪಿ ಸಿಂಗಲ್ ಫೇಸ್ ಮೋಟಾರಿನ, ಇಲ್ಲವೇ ಏಳು ಎಚ್‌ಪಿ ಆಸುಪಾಸಿನ ಪೆಟ್ರೋಲ್ ಎಂಜಿನ್ನಿನ ಸಣ್ಣ ಚಿಪ್ಪರ್‌ಗಳು ಮನೆಯ ಹಿತ್ತಲಿಗೂ ಬಂದಿವೆ. ಕೊಳ್ಳುವಾಗ ಎಲ್ಲರೂ ಮೋಟಾರಿನ ಶಕ್ತಿ ಎಷ್ಟು, ಎಷ್ಟು ದಪ್ಪದ ಕೊಂಬೆ ಹಿಡಿಯುತ್ತದೆ ಎಂದು ವಿಚಾರಿಸುತ್ತಾರೆ. ಬ್ಲೇಡು ಮೊಂಡಾದರೆ ಸಾಣೆ ಹಿಡಿಸುವುದು ಎಲ್ಲಿ ಎಂದು ಕೇಳುವವರು ಕಡಿಮೆ, ಆದರೆ ಒಂದು ಹಂಗಾಮು ಕಳೆಯುವಷ್ಟರಲ್ಲಿ ಎಲ್ಲರಿಗೂ ಎದುರಾಗುವ ಪ್ರಶ್ನೆ ಅದೇ.

ದಾರಿಗಳೇನೋ ಹಲವು ಇವೆ. ಅರ ಅಥವಾ ಕಲ್ಲು ಹಿಡಿದು ಕೈಯಲ್ಲೇ ಉಜ್ಜಬಹುದು, ವೆಲ್ಡಿಂಗ್ ಅಂಗಡಿಯ ಹ್ಯಾಂಡ್ ಗ್ರೈಂಡರಿಗೆ ಒಡ್ಡಬಹುದು, ಬೆಂಚ್ ಗ್ರೈಂಡರಿನ ಕಲ್ಲಿಗೆ ಹಿಡಿಯಬಹುದು, ಕಮ್ಮಾರರ ಕುಲುಮೆಗೆ ಒಯ್ಯಬಹುದು, ನೀರು ಬಿಟ್ಟು ಅರೆಯುವ ವರ್ಕ್‌ಶಾಪಿಗೆ ಕೊಡಬಹುದು, ಇಲ್ಲವೇ ಹೊಸ ಜೋಡಿಯನ್ನೇ ತರಬಹುದು. ಇವುಗಳಲ್ಲಿ ಯಾವುದು ಅಗ್ಗ ಎಂಬಲ್ಲಿಂದ ಹೋಲಿಕೆ ಆರಂಭಿಸುವುದು ರೂಢಿ. ನನ್ನ ಅಭಿಪ್ರಾಯದಲ್ಲಿ ಅದು ತಲೆಕೆಳಗಾದ ಲೆಕ್ಕ. ಬ್ಲೇಡಿನ ಅಂಚು ಎಷ್ಟು ಕೆಟ್ಟಿದೆ ಎಂಬುದನ್ನು ಮೊದಲು ನೋಡಬೇಕು, ದಾರಿಯನ್ನು ಆ ಸ್ಥಿತಿಯೇ ತೀರ್ಮಾನಿಸುತ್ತದೆ. ಒಂದೇ ಬ್ಲೇಡಿಗೆ ಈ ತಿಂಗಳು ಕಲ್ಲು ಸಾಕಾಗಬಹುದು, ಮುಂದಿನ ತಿಂಗಳು ವರ್ಕ್‌ಶಾಪ್ ಬೇಕಾಗಬಹುದು.

ಅಂಚಿನ ಸ್ಥಿತಿಯನ್ನು ಓದುವುದು

ಯಂತ್ರ ಬಿಚ್ಚುವ ಮೊದಲೇ ಹೊರಗೆ ಬೀಳುವ ಚೂರು ಬಹಳಷ್ಟು ಹೇಳುತ್ತದೆ. ಹರಿತವಾದ ಬ್ಲೇಡು ಹಸಿ ಕೊಂಬೆಯನ್ನು ತಾನಾಗಿ ಒಳಗೆಳೆದುಕೊಂಡು, ಅಂಚು ನೇರವಾಗಿರುವ ಒಂದೇ ಅಳತೆಯ ಚೂರುಗಳನ್ನು ಉದುರಿಸುತ್ತದೆ. ಮೊಂಡಾದಂತೆ ಚೂರಿನ ತುದಿಗಳು ನಾರುನಾರಾಗುತ್ತವೆ, ಪುಡಿ ಹೆಚ್ಚುತ್ತದೆ, ಕೊಂಬೆಯನ್ನು ಕೈಯಿಂದ ಒತ್ತಬೇಕಾಗುತ್ತದೆ, ಅಡಿಕೆ ಸೋಗೆಯಾದರೆ ತುಂಡಾಗದೆ ಉದ್ದುದ್ದ ಎಳೆಗಳಾಗಿ ತಿರುಗಣೆಗೆ ಸುತ್ತಿಕೊಳ್ಳುತ್ತದೆ. ಬೆಲ್ಟು ಜಾರಿ ಸುಟ್ಟ ವಾಸನೆ ಬರತೊಡಗಿದರೆ ಮೋಟಾರನ್ನು ದೂರುವ ಮೊದಲು ಬ್ಲೇಡನ್ನು ನೋಡಬೇಕು.

ಬಿಚ್ಚಿದ ಬ್ಲೇಡನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಅಂಟು ಮತ್ತು ಮೇಣವನ್ನೆಲ್ಲ ತೆಗೆದು, ಅಂಚು ಮೇಲಾಗುವಂತೆ ಹಿಡಿದು ಮೊಬೈಲಿನ ಟಾರ್ಚನ್ನು ನೇರವಾಗಿ ಅದರ ಮೇಲೆ ಬಿಡಿ. ಹರಿತವಾದ ಅಂಚಿಗೆ ಅಗಲವೇ ಇಲ್ಲದ್ದರಿಂದ ಅದು ಬೆಳಕನ್ನು ಮರಳಿಸುವುದಿಲ್ಲ, ಕಪ್ಪಾಗಿಯೇ ಕಾಣುತ್ತದೆ. ಮೊಂಡಾದ ಕಡೆ ಬೆಳ್ಳಿಯ ಎಳೆಯಂಥ ಹೊಳಪು ಗೆರೆ ಕಾಣುತ್ತದೆ, ಮುಕ್ಕಾದ ಕಡೆ ಆ ಗೆರೆ ಕಡಿದು ಚುಕ್ಕಿಗಳಾಗಿ ಹೊಳೆಯುತ್ತದೆ. ಬೆರಳಿನಿಂದ ಸವರಿ ನೋಡುವ ಅಭ್ಯಾಸಕ್ಕಿಂತ ಇದು ಹೆಚ್ಚು ನಂಬಲರ್ಹ, ಕೈಗೂ ಅಪಾಯವಿಲ್ಲ.

ಹೀಗೆ ನೋಡಿದಾಗ ಮೂರು ಸ್ಥಿತಿಗಳು ಸಿಗುತ್ತವೆ. ಹೊಳಪು ಗೆರೆ ಮಾತ್ರ ಇದ್ದು ಮುಕ್ಕುಗಳಿಲ್ಲದಿದ್ದರೆ ಅಂಚು ಸವೆದಿದೆಯಷ್ಟೆ. ಸುಮಾರು ಅರ್ಧ ಮಿ.ಮೀ.ಗಿಂತ ಆಳವಾದ ಮುಕ್ಕುಗಳಿದ್ದರೆ ಅಂಚನ್ನೇ ಹಿಂದಕ್ಕೆ ಅರೆದು ಹೊಸದಾಗಿ ಕಟ್ಟಬೇಕು. ಬೋಲ್ಟಿನ ರಂಧ್ರದ ಸುತ್ತ ಬಿರುಕು, ಬಾಗಿದ ಬ್ಲೇಡು, ಅಥವಾ ಬೋಲ್ಟ್ ರಂಧ್ರದ ಹತ್ತಿರದವರೆಗೂ ಸವೆದು ಬಂದ ಅಂಚು ಕಂಡರೆ ಸಾಣೆಯ ಮಾತೇ ಬೇಡ. ಅದನ್ನು ಗುಜರಿಗೆ ಹಾಕಬೇಕು, ವೆಲ್ಡಿಂಗ್ ಮಾಡಿಸಿ ಮತ್ತೆ ಹಾಕಬಾರದು.

ಇಲ್ಲಿ ಇನ್ನೊಂದು ವಿಷಯ ಗಮನಿಸಬೇಕು. ನಮ್ಮಲ್ಲಿ ಮಾರಾಟವಾಗುವ ಅನೇಕ ಯಂತ್ರಗಳಲ್ಲಿ ಕತ್ತರಿಸುವ ಬ್ಲೇಡುಗಳ ಹಿಂದೆ ಜೋಲಾಡುವ ಸುತ್ತಿಗೆಗಳ ಸಾಲೂ ಇರುತ್ತದೆ. ಕತ್ತರಿಸುವುದು ಬ್ಲೇಡಿನ ಕೆಲಸ, ಜಜ್ಜುವುದು ಸುತ್ತಿಗೆಯ ಕೆಲಸ. ಸುತ್ತಿಗೆಗೆ ಚಾಕುವಿನಂತೆ ಹರಿತ ಮಾಡಿಸುವುದು ವ್ಯರ್ಥ, ತೂಕ ತಪ್ಪಿ ಯಂತ್ರ ಅದುರುವುದು ಮಾತ್ರ ಲಾಭ. ಅದರ ಒಂದು ಮೂಲೆ ದುಂಡಾದಾಗ ಪಿನ್ನಿನಿಂದ ಕಳಚಿ ಇನ್ನೊಂದು ಮೂಲೆ ಮುಂದೆ ಬರುವಂತೆ ತಿರುಗಿಸಿ ಹಾಕಿದರೆ ಸಾಕು.

ಇಲ್ಲಿ ಬ್ಲೇಡು ಬೇಗ ಮೊಂಡಾಗಲು ಕಾರಣ

ಅಡಿಕೆ, ತೆಂಗು ಎರಡೂ ತಾಳೆಯ ಕುಟುಂಬಕ್ಕೆ ಸೇರಿದವು, ಈ ಕುಟುಂಬದ ಸಸ್ಯಗಳ ಒಳಗೆ ಮರಳಿನ ಜಾತಿಯ ಸಿಲಿಕಾ ಕಣಗಳು ತುಂಬಿರುತ್ತವೆ. ಮೆಕ್ಕೆಜೋಳದ ದಂಟಿನಲ್ಲಿಯೂ ಸಿಲಿಕಾ ಇದೆ. ನೋಡಲು ಮೆತ್ತಗಿರುವ ಸೋಗೆ ಬೇವಿನ ಕೊಂಬೆಗಿಂತ ಬೇಗ ಬ್ಲೇಡನ್ನು ತಿನ್ನುವುದು ಈ ಕಾರಣಕ್ಕೆ. ಚಳ್ಳಕೆರೆ, ಹಿರಿಯೂರಿನ ಬಯಲಿನ ಬಳ್ಳಾರಿ ಜಾಲಿಯದು ಬೇರೆಯ ಕಥೆ. ಅದರ ಒಣಗಿದ ಕೊಂಬೆ ಅಂಚನ್ನು ಸವೆಸುವುದಿಲ್ಲ, ಮುರಿಯುತ್ತದೆ. ಆದ್ದರಿಂದ ಜಾಲಿಯನ್ನು ಹಸಿ ಇರುವಾಗಲೇ ಹಾಕಬೇಕು.

ಇವೆಲ್ಲಕ್ಕಿಂತ ಕೆಟ್ಟದ್ದು ಮಣ್ಣು. ಕೆಂಪು ಮಣ್ಣಿನ ತೋಟದಲ್ಲಿ ಮಳೆಗೆ ನೆಲಕ್ಕಂಟಿದ ಸೋಗೆಯನ್ನು ಗುಡಿಸಿ ತಂದು ಹಾಗೆಯೇ ತುಂಬಿದರೆ ಎಷ್ಟು ಒಳ್ಳೆಯ ಸಾಣೆಯೂ ಒಂದು ಮಧ್ಯಾಹ್ನದ ಮಟ್ಟಿಗೆ ಮಾತ್ರ. ಸೋಗೆಯನ್ನು ಎತ್ತಿ ಒಮ್ಮೆ ನೆಲಕ್ಕೆ ಬಡಿದು ಕೊಡವಿ, ಬುಡದ ಮಣ್ಣು ಮೆತ್ತಿದ ಭಾಗವನ್ನು ಮಚ್ಚಿನಿಂದ ಕಡಿದು ಬಿಸಾಡಿ, ಉಳಿದದ್ದನ್ನು ಹಾಕಬೇಕು. ಹನಿ ನೀರಾವರಿಯ ಪೈಪಿನ ತುಂಡು, ದಾಳಿಂಬೆಗೆ ಆಸರೆ ಕೊಟ್ಟ ತಂತಿ, ಬೇಲಿಗೆ ಹೊಡೆದ ಮೊಳೆ ಇವುಗಳ ಮೇಲೂ ಕಣ್ಣಿರಬೇಕು. ಬೇರು ಸಮೇತ ಕಿತ್ತ ಗಿಡವನ್ನಂತೂ ಚಿಪ್ಪರಿಗೆ ತೋರಿಸಲೇಬಾರದು.

ಬಿಚ್ಚುವ ಮೊದಲು

ತೋಟದ ಕರೆಂಟಿನ ಸ್ವಭಾವ ಎಲ್ಲರಿಗೂ ಗೊತ್ತಿರುವುದೇ. ಹೋದದ್ದು ಯಾವಾಗ ಬರುತ್ತದೆಂದು ಹೇಳಲಾಗದು, ಸ್ವಿಚ್ಚು ಹಾಕಿದಂತೆಯೇ ಉಳಿದಿದ್ದರೆ ಬಂದ ಕ್ಷಣವೇ ಯಂತ್ರ ತಿರುಗಬಹುದು. ಆದ್ದರಿಂದ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನು ಕಿತ್ತು ಕಣ್ಣಿಗೆ ಕಾಣುವ ಜಾಗದಲ್ಲಿಡಬೇಕು. ನೇರ ಸಂಪರ್ಕವಿದ್ದರೆ ಫ್ಯೂಸನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಪೆಟ್ರೋಲ್ ಎಂಜಿನ್ನಾದರೆ ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಎಳೆದು ದೂರ ಸರಿಸಬೇಕು. ಭಾರದ ಚಕ್ರ ಮೋಟಾರು ನಿಂತ ಮೇಲೂ ಬಹಳ ಹೊತ್ತು ತಿರುಗುತ್ತಿರುತ್ತದೆ. ಅದು ಪೂರ್ತಿ ನಿಂತ ಮೇಲೆ ಮರದ ತುಂಡನ್ನು ಬೆಣೆಯಂತೆ ಕೊಟ್ಟು ಅಲುಗಾಡದಂತೆ ಮಾಡಿ, ದಪ್ಪ ಚರ್ಮದ ಕೈಗವಸು ಹಾಕಿಕೊಂಡೇ ಬೋಲ್ಟಿಗೆ ಕೈ ಹಾಕಬೇಕು. ಯಾವ ಬ್ಲೇಡು ಯಾವ ಜಾಗದ್ದು, ಯಾವ ಮುಖ ಹೊರಗಿತ್ತು ಎಂಬುದನ್ನು ಮಾರ್ಕರಿನಿಂದ ಗುರುತು ಮಾಡಿ, ಒಂದು ಫೋಟೊ ತೆಗೆದುಕೊಂಡರೆ ಮತ್ತೆ ಕೂರಿಸುವಾಗ ತಲೆನೋವಿಲ್ಲ.

ಕೆಲವು ಯಂತ್ರಗಳ ಬ್ಲೇಡಿಗೆ ಎರಡೂ ಬದಿಯಲ್ಲಿ ಅಂಚಿರುತ್ತದೆ. ಹಾಗಿದ್ದರೆ ಮೊದಲ ಸಲ ಯಾವ ಸಾಣೆಯೂ ಬೇಡ, ತಿರುಗಿಸಿ ಹಾಕಿದರೆ ಮುಗಿಯಿತು. ಯಂತ್ರದ ಪುಸ್ತಕದಲ್ಲಿ ಬರೆದಿದ್ದರೂ ಇದನ್ನು ಗಮನಿಸದೆ ವರ್ಕ್‌ಶಾಪಿಗೆ ಒಯ್ಯುವವರಿದ್ದಾರೆ.

ಕೋನ ಎಂಬ ಮುಖ್ಯ ಅಳತೆ

ಯಾವ ದಾರಿ ಹಿಡಿದರೂ ಕಾಪಾಡಬೇಕಾದದ್ದು ಮೂಲದ ಕೋನ. ಚಿಪ್ಪರ್ ಬ್ಲೇಡಿನ ಅಂಚಿಗೆ ಒಂದೇ ಮೈಯಲ್ಲಿ ಓರೆ ಮುಖವಿರುತ್ತದೆ, ಇನ್ನೊಂದು ಮೈ, ಅಂದರೆ ಬೆನ್ನು, ಚಪ್ಪಟೆಯಾಗಿರುತ್ತದೆ. ಈ ಓರೆ ಸಾಮಾನ್ಯವಾಗಿ 30ರಿಂದ 45 ಡಿಗ್ರಿಗಳ ನಡುವೆ ಇರುತ್ತದೆ. ಕೋನ ಕಡಿಮೆಯಾದರೆ ಅಂಚು ಚೂಪಾಗಿ ಸೋಗೆಯನ್ನು ಸಲೀಸಾಗಿ ಕತ್ತರಿಸುತ್ತದೆ, ಆದರೆ ಜಾಲಿಯ ಗಂಟಿಗೆ ಸಿಕ್ಕಿದರೆ ಮುರಿಯುತ್ತದೆ. ಕೋನ ಹೆಚ್ಚಾದರೆ ಅಂಚು ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಮೋಟಾರಿಗೆ ಭಾರ ಬೀಳುತ್ತದೆ.

ಕೋನ ಅಳೆಯಲು ವಿಶೇಷ ಸಾಧನ ಬೇಕಿಲ್ಲ. ಬ್ಲೇಡಿನ ದಪ್ಪವನ್ನೂ ಓರೆ ಮುಖದ ಅಗಲವನ್ನೂ ಮಿ.ಮೀ. ಪಟ್ಟಿಯಿಂದ ಅಳೆಯಿರಿ. ದಪ್ಪ 6 ಮಿ.ಮೀ. ಇದ್ದು ಓರೆ ಮುಖ 12 ಮಿ.ಮೀ. ಅಗಲವಿದ್ದರೆ ಕೋನ 30 ಡಿಗ್ರಿ, ಓರೆ ಮುಖ ಹತ್ತೂವರೆ ಮಿ.ಮೀ. ಇದ್ದರೆ ಸುಮಾರು 35, ಎಂಟೂವರೆ ಇದ್ದರೆ 45. ಯಂತ್ರ ಹೊಸದಿರುವಾಗಲೇ ಈ ಅಳತೆಯನ್ನು ಬರೆದಿಟ್ಟುಕೊಂಡು, ಬ್ಲೇಡಿನ ಪಕ್ಕದ ಆಕಾರವನ್ನು ದಪ್ಪ ರಟ್ಟಿನ ಮೇಲೆ ಗೀರಿ ಕತ್ತರಿಸಿಟ್ಟುಕೊಂಡರೆ, ಮುಂದೆ ಯಾರ ಕೈಗೆ ಕೊಟ್ಟರೂ ಅಚ್ಚಿಗೆ ಹೊಂದಿಸಿ ನೋಡಬಹುದು.

ಅರ ಮತ್ತು ಕಲ್ಲು

ಅಂಚು ಸವೆದಿರುವ ಮೊದಲ ಸ್ಥಿತಿಗೆ ಕೈ ಸಾಣೆಗಿಂತ ಒಳ್ಳೆಯದಿಲ್ಲ. ಬಿಸಿಯಾಗುವ ಭಯವಿಲ್ಲ, ಕೋನ ಕೈಯಲ್ಲಿರುತ್ತದೆ, ಹೋಗುವ ಲೋಹವೂ ಅತ್ಯಲ್ಪ. ಆದರೆ ಅರ ಎಲ್ಲ ಬ್ಲೇಡಿಗೂ ಹಿಡಿಯುವುದಿಲ್ಲ. ಒಳ್ಳೆಯ ಚಿಪ್ಪರ್ ಬ್ಲೇಡಿನ ಗಡಸುತನ ಸಾಮಾನ್ಯವಾಗಿ ರಾಕ್‌ವೆಲ್ ಸಿ ಮಾಪನದಲ್ಲಿ 55ರಿಂದ 60ರ ಆಸುಪಾಸು ಇರುತ್ತದೆ. ಅಂಥದರ ಮೇಲೆ ಅರ ಗಾಜಿನ ಮೇಲೆ ಜಾರುವಂತೆ ಜಾರುತ್ತದೆ, ಕೊನೆಗೆ ಸವೆಯುವುದು ಅರದ ಹಲ್ಲೇ. ಅಂಚಿನಿಂದ ದೂರದ ಮೂಲೆಯಲ್ಲಿ ಒಮ್ಮೆ ಉಜ್ಜಿ ನೋಡಿ. ಅರ ಕಚ್ಚಿ ಪುಡಿ ಬಂದರೆ ಅದೇ ಸಾಕು, ಜಾರಿದರೆ ವಜ್ರದ ಪುಡಿ ಕೂರಿಸಿದ ಡೈಮಂಡ್ ಪ್ಲೇಟು ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಒಂದು ಬದಿ ಒರಟು, ಇನ್ನೊಂದು ಬದಿ ನಯವಾದ ಕಾರ್ಬೊರಂಡಮ್ ಕಲ್ಲೂ ಕೆಲಸ ಮಾಡುತ್ತದೆ, ಸ್ವಲ್ಪ ನಿಧಾನ ಅಷ್ಟೆ.

ವಿಧಾನ ಸರಳ. ಬ್ಲೇಡನ್ನು ವೈಸಿಗೆ ಬಿಗಿದು, ಓರೆ ಮುಖಕ್ಕೆಲ್ಲ ಮಾರ್ಕರ್ ಬಳಿಯಿರಿ. ಕಲ್ಲನ್ನು ಓರೆ ಮುಖಕ್ಕೆ ಪೂರ್ತಿ ಒರಗಿಸಿ, ಅಂಚಿನ ಕಡೆಗೆ ನೂಕುತ್ತ ಉಜ್ಜಿ. ಬಣ್ಣ ಎಲ್ಲೆಡೆ ಸಮನಾಗಿ ಅಳಿಸುತ್ತಿದ್ದರೆ ಕೋನ ಸರಿಯಿದೆ, ಅಂಚಿನಲ್ಲಿ ಮಾತ್ರ ಅಳಿಸಿದರೆ ಕಲ್ಲನ್ನು ಎತ್ತಿ ಹಿಡಿದಿದ್ದೀರಿ ಎಂದರ್ಥ. ಇಡೀ ಅಂಚಿನ ಉದ್ದಕ್ಕೂ ಬೆನ್ನಿನ ಕಡೆ ತೆಳ್ಳನೆಯ ಲೋಹದ ಎಳೆಯೊಂದು ಎದ್ದು, ಉಗುರಿಗೆ ತಡೆಯತೊಡಗಿದಾಗ ಓರೆ ಮುಖದ ಕೆಲಸ ಮುಗಿಯಿತು. ಬಳಿಕ ಬ್ಲೇಡನ್ನು ಮಗುಚಿ, ನಯ ಕಲ್ಲನ್ನು ಬೆನ್ನಿಗೆ ಪೂರ್ತಿ ಚಪ್ಪಟೆಯಾಗಿ ಒತ್ತಿ ಒಂದೆರಡು ಸಲ ಎಳೆದರೆ ಆ ಎಳೆ ಕಳಚುತ್ತದೆ. ಬೆನ್ನಿಗೆ ಎಂದೂ ಓರೆ ಕೊಡಬಾರದು. ಯಂತ್ರದಲ್ಲಿ ತಿರುಗದೆ ಸ್ಥಿರವಾಗಿ ನಿಂತಿರುವ ಎದುರು ಬ್ಲೇಡಿನೊಂದಿಗಿನ ಅಂತರ ಅಲ್ಲಿಯೇ ಕೆಡುತ್ತದೆ.

ಮುಕ್ಕು ಬಿದ್ದ ಬ್ಲೇಡಿಗೆ ಮಾತ್ರ ಕೈ ಸಾಣೆ ಹಿಡಿಯಲು ಹೋಗಬೇಡಿ. ದಿನವಿಡೀ ಉಜ್ಜಿದರೂ ಮುಕ್ಕಿನ ಬುಡ ಸಿಗುವುದಿಲ್ಲ, ಬೇಸತ್ತು ಮುಕ್ಕಿರುವ ಜಾಗವನ್ನಷ್ಟೇ ಉಜ್ಜಿದರೆ ಅಂಚು ಬಾಗುತ್ತದೆ.

ಹ್ಯಾಂಡ್ ಗ್ರೈಂಡರ್ ಮತ್ತು ಬೆಂಚ್ ಗ್ರೈಂಡರ್

ಊರೂರಿನ ವೆಲ್ಡಿಂಗ್ ಅಂಗಡಿಯಲ್ಲಿರುವ ನಾಲ್ಕಿಂಚಿನ ಹ್ಯಾಂಡ್ ಗ್ರೈಂಡರ್ ಅತ್ಯಂತ ಸುಲಭವಾಗಿ ಸಿಗುವ ದಾರಿ, ಅತಿ ಹೆಚ್ಚು ಬ್ಲೇಡುಗಳನ್ನು ಕೆಡಿಸುವ ದಾರಿಯೂ ಅದೇ. ಕಿಡಿ ಹಾರುವುದನ್ನು ನೋಡುತ್ತಿದ್ದರೆ ಕೆಲಸ ಜೋರಾಗಿ ಸಾಗಿದೆ ಎನಿಸುತ್ತದೆ. ಆದರೆ ನಿಮಿಷಕ್ಕೆ 11,000 ಸುತ್ತಿನ ಆಸುಪಾಸಿನಲ್ಲಿ ತಿರುಗುವ ಡಿಸ್ಕು ತೆಳುವಾದ ಅಂಚನ್ನು ಕೆಲವೇ ಸೆಕೆಂಡುಗಳಲ್ಲಿ ಕಾಯಿಸಿಬಿಡುತ್ತದೆ. ಸಾದಾ ಇಂಗಾಲದ ಉಕ್ಕು ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಹಳದಿಗೆ, 300ರ ಸುಮಾರಿಗೆ ನೀಲಿಗೆ ತಿರುಗುತ್ತದೆ. ನೀಲಿ ಕಂಡ ಜಾಗದಲ್ಲಿ ಹದ ಇಳಿದು ಲೋಹ ಮೆತ್ತಗಾಗಿರುತ್ತದೆ. ಹೊರಗೆ ಹೊಳೆಯುವ ಆ ಅಂಚು ಮೊದಲ ಹೊರೆ ಸೋಗೆಗೇ ಮಡಿಚಿಕೊಳ್ಳುತ್ತದೆ. ನೀಲಿಯಾದ ಮೇಲೆ ನೀರಿಗೆ ಅದ್ದಿದರೆ ಹದ ಮರಳಿ ಬರುವುದಿಲ್ಲ, ಕಾದ ಲೋಹಕ್ಕೆ ತಣ್ಣೀರು ತಗುಲಿ ಕೂದಲೆಳೆಯ ಬಿರುಕುಗಳು ಬೀಳುವ ಸಂಭವವೂ ಉಂಟು. ನೀಲಿ ಭಾಗವನ್ನು ಪೂರ್ತಿ ಅರೆದು ತೆಗೆಯುವುದೊಂದೇ ಉಳಿಯುವ ಉಪಾಯ.

ಬೇರೆ ದಾರಿಯೇ ಇಲ್ಲದಿದ್ದರೆ ಗಟ್ಟಿ ಗ್ರೈಂಡಿಂಗ್ ಡಿಸ್ಕನ್ನು ಬಿಟ್ಟು ಉಜ್ಜುಕಾಗದದಂಥ ಎಸಳುಗಳಿರುವ 80 ಅಥವಾ 120 ನಂಬರಿನ ಫ್ಲ್ಯಾಪ್ ಡಿಸ್ಕ್ ಹಾಕಿಸಿ, ಹಗುರವಾಗಿ ಒಂದೇ ಎಳೆತಕ್ಕೆ ಉದ್ದಕ್ಕೂ ಸವರಿ, ಪ್ರತಿ ಎಳೆತದ ನಂತರವೂ ಬ್ಲೇಡನ್ನು ನೀರಿನ ಬಕೆಟ್ಟಿಗೆ ಅದ್ದಿ ತಣಿಸಬೇಕು. ಕೈಗವಸಿಲ್ಲದೆ ಹಿಡಿಯಲಾಗದಷ್ಟು ಬಿಸಿಯಾಗಲು ಬಿಡಬಾರದು. ಒಣ ಸೋಗೆಯ ರಾಶಿಯ ಪಕ್ಕದಲ್ಲಿ ಈ ಕೆಲಸವನ್ನು ಎಂದೂ ಮಾಡಬೇಡಿ. ಮಾರ್ಚ್, ಏಪ್ರಿಲ್ ತಿಂಗಳ ನಮ್ಮ ಬಿಸಿಲಿನಲ್ಲಿ ಒಂದು ಕಿಡಿ ಸಾಕು.

ಬೆಂಚ್ ಗ್ರೈಂಡರ್ ಇದಕ್ಕಿಂತ ಮೇಲು. ನಿಮಿಷಕ್ಕೆ 2,800 ಸುತ್ತಿನ ಆಸುಪಾಸಿನ ವೇಗ, ಬ್ಲೇಡನ್ನು ಒರಗಿಸಲು ಆಧಾರ, ಎರಡೂ ಕೈಗೆ ಹಿಡಿತ ಇವೆಲ್ಲ ಅನುಕೂಲಗಳು. ಅದರೊಂದಿಗೆ ಬರುವ ಬೂದು ಕಲ್ಲಿನ ಬದಲು 60 ನಂಬರಿನ ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲು ಹಾಕಿಸಿದರೆ ಗಡಸು ಉಕ್ಕು ಕಡಿಮೆ ಕಾಯುತ್ತದೆ. ಆಧಾರದ ಪಟ್ಟಿಯನ್ನು ರಟ್ಟಿನ ಅಚ್ಚಿನ ಕೋನಕ್ಕೆ ಹೊಂದಿಸಿ ಬಿಗಿದುಕೊಳ್ಳಬೇಕು. ಒಂದು ಮಿತಿಯಿದೆ. ಕಲ್ಲು ದುಂಡಾಗಿರುವುದರಿಂದ ಓರೆ ಮುಖ ನಡುವೆ ಸ್ವಲ್ಪ ತಗ್ಗಾಗುತ್ತದೆ, ಆರಿಂಚಿನ ಸಣ್ಣ ಕಲ್ಲಿನಲ್ಲಿ ಇದು ಹೆಚ್ಚು, ಹಾಗಾದಷ್ಟೂ ಅಂಚು ತೆಳುವಾಗಿ ಬೇಗ ಮುರಿಯುತ್ತದೆ. ಅದಕ್ಕೇ ಕೊನೆಯಲ್ಲಿ ಚಪ್ಪಟೆ ಕಲ್ಲಿನಿಂದ ಕೈಯಲ್ಲಿ ಒಂದಿಷ್ಟು ಉಜ್ಜಿ ಅಂಚಿಗೆ ಬಲ ಕೊಡಬೇಕು. ಕಣ್ಣಿಗೆ ಕನ್ನಡಕ ಬೇಕೇ ಬೇಕು, ಹೆಗಲ ಮೇಲಿನ ಟವೆಲನ್ನು ತೆಗೆದಿಟ್ಟೇ ಕಲ್ಲಿನ ಮುಂದೆ ನಿಲ್ಲಬೇಕು.

ನಾಲ್ಕು ಜನ ಸೇರಿ ಒಂದು ಬೆಂಚ್ ಗ್ರೈಂಡರ್ ಇಟ್ಟುಕೊಳ್ಳುವುದಾದರೆ ಅದು ಸಾರ್ಥಕ. ಒಂದೇ ಮನೆಯ ಒಂದೇ ಚಿಪ್ಪರಿಗಾಗಿ ಕೊಳ್ಳುವಷ್ಟು ಕೆಲಸ ಅದಕ್ಕೆ ಸಿಗದು.

ಕುಲುಮೆ ಮತ್ತು ಸೈಕಲ್ ಸಾಣೆ

ಇವೆರಡನ್ನು ಬೇಗ ದಾಟಬಹುದು. ಮಚ್ಚು, ಕುಡುಗೋಲು, ಕೊಡಲಿಗಳಿಗೆ ಕಮ್ಮಾರರ ಕುಲುಮೆಗೆ ಸಮನಾದದ್ದಿಲ್ಲ. ಕಾಯಿಸಿ, ಬಡಿದು, ಹದ ಹಾಕಿಕೊಡುವ ಆ ಕೈಚಳಕ ಬಗೆಬಗೆಯ ಮಿಶ್ರಲೋಹಗಳ ಚಿಪ್ಪರ್ ಬ್ಲೇಡಿಗೆ ಹೊಂದುವುದಿಲ್ಲ. ಅವುಗಳ ಹದಕ್ಕೆ ನಿರ್ದಿಷ್ಟ ಉಷ್ಣತೆ, ನಿರ್ದಿಷ್ಟ ಹೊತ್ತು ಬೇಕು, ಬಡಿದರೆ ಬ್ಲೇಡು ಬಾಗುತ್ತದೆ. ಬೀದಿಗೆ ಬರುವ ಸೈಕಲ್ ಸಾಣೆಯವರು ಈಳಿಗೆಮಣೆ, ಕತ್ತರಿಗಳನ್ನು ಚೆನ್ನಾಗಿ ಮಾಡಿಕೊಡುತ್ತಾರೆ. ಆರು ಎಂಟು ಮಿ.ಮೀ. ದಪ್ಪದ ಬ್ಲೇಡಿನ ಕೋನವನ್ನು ಆ ಸಣ್ಣ ಕಲ್ಲಿನ ಮೇಲೆ ಕೈ ಅಂದಾಜಿನಲ್ಲಿ ಕಾಪಾಡುವುದು ಯಾರಿಂದಲೂ ಆಗದ ಮಾತು.

ನೀರು ಬಿಟ್ಟು ಅರೆಯುವ ವರ್ಕ್‌ಶಾಪ್

ಮುಕ್ಕಾದ ಬ್ಲೇಡಿಗೆ ನಾನು ಹೇಳುವ ದಾರಿ ಇದೊಂದೇ. ಸರ್ಫೇಸ್ ಗ್ರೈಂಡರಿನಲ್ಲಿ ಬ್ಲೇಡನ್ನು ಬೇಕಾದ ಕೋನಕ್ಕೆ ಓರೆಯಾಗಿ ಬಿಗಿದು, ಕೂಲೆಂಟ್ ಎಂಬ ಹಾಲಿನ ಬಣ್ಣದ ತಣಿಸುವ ದ್ರವವನ್ನು ಎಡೆಬಿಡದೆ ಸುರಿಸುತ್ತ, ಒಂದು ಹೋಗಿಬರುವಿಕೆಗೆ ಮಿ.ಮೀ.ಯ ನೂರನೇ ಒಂದೆರಡು ಭಾಗದಷ್ಟೇ ತೆಗೆಯುತ್ತಾರೆ. ಕೆಲಸ ಮುಗಿದಾಗ ಬ್ಲೇಡು ಕೈಗೆ ತಣ್ಣಗೇ ಇರುತ್ತದೆ. ಅಂಚು ಪಟ್ಟಿಯಿಟ್ಟು ಎಳೆದ ಗೆರೆಯಂತಿರುತ್ತದೆ, ಎರಡೂ ಬ್ಲೇಡು ಒಂದೇ ಅಗಲಕ್ಕೆ ಬರುತ್ತವೆ. ಈ ಕೊನೆಯದು ಬಹಳ ಮುಖ್ಯ. ಚಕ್ರದ ಎದುರುಬದುರಿನ ಬ್ಲೇಡುಗಳಲ್ಲಿ ಒಂದು ಹೆಚ್ಚು ಸವೆದು ಇನ್ನೊಂದು ಭಾರವಾಗಿದ್ದರೆ ಯಂತ್ರ ಅದುರುತ್ತದೆ, ಬೇರಿಂಗ್ ಬೇಗ ಹೋಗುತ್ತದೆ. ಅನುಭವಸ್ಥರ ಬಳಿಗೆ ಒಂದೇ ಬ್ಲೇಡು ಒಯ್ದರೆ ಅವರು ಕೇಳುವ ಮೊದಲ ಮಾತೇ ‘ಇನ್ನೊಂದು ಎಲ್ರೀ ಯಜಮಾನ್ರ, ಎರಡೂ ತರ್ಬೇಕಲ್ರೀ’ ಎಂಬುದು. ಒಂದಕ್ಕೆ ಮಾತ್ರ ಮುಕ್ಕು ಬಿದ್ದಿದ್ದರೂ ಇಡೀ ಜೋಡಿಯನ್ನು ಒಟ್ಟಿಗೆ ಅರೆಸಬೇಕು.

ಇಂಥ ಕೆಲಸ ಎಲ್ಲಿ ಆಗುತ್ತದೆಂದು ಹುಡುಕುವುದು ನಮ್ಮ ಕಡೆ ಅಷ್ಟು ಕಷ್ಟವಲ್ಲ. ಮೈಸೂರು ಕಿರ್ಲೋಸ್ಕರ್‌ನ ಲೇತುಗಳು ತಯಾರಾಗುತ್ತಿದ್ದ ಹರಿಹರದಲ್ಲಿ ಯಂತ್ರದ ಕೆಲಸ ಬಲ್ಲವರಿಗೆ ಕೊರತೆಯಿಲ್ಲ, ದಾವಣಗೆರೆಯಿಂದ ಅದು ಹದಿನೈದು ಕಿಲೋಮೀಟರಿನಷ್ಟು ದೂರ. ಚಿಪ್ಪರ್ ಎಂದರೆ ಗೊತ್ತಾಗದಿದ್ದರೂ ‘ಪ್ಲೇನರ್ ಬ್ಲೇಡು ಎಲ್ಲಿ ಅರೆಸುತ್ತೀರಿ’ ಎಂದು ಮರಗೆಲಸದ ದೊಡ್ಡ ಅಂಗಡಿಯಲ್ಲಿ ಕೇಳಿದರೆ ವಿಳಾಸ ಸಿಗುತ್ತದೆ. ಮುದ್ರಣಾಲಯದವರನ್ನು ಕೇಳುವುದು ಇನ್ನೂ ಜಾಣತನ, ಏಕೆಂದರೆ ಕಾಗದ ಕತ್ತರಿಸುವ ಅವರ ಉದ್ದನೆಯ ಬ್ಲೇಡು ಕೂದಲೆಳೆಯಷ್ಟು ಸೊಟ್ಟಗಾದರೂ ಕೆಲಸಕ್ಕೆ ಬಾರದು, ಹಾಗಾಗಿ ಅವರು ಒಪ್ಪಿಸುವ ಜಾಗ ನಂಬಲು ಯೋಗ್ಯ. ಚಳ್ಳಕೆರೆಯ ಕಡೆಯವರಿಗೆ ಎಣ್ಣೆ ಗಿರಣಿಗಳ ರಿಪೇರಿ ನೋಡುವ ವರ್ಕ್‌ಶಾಪುಗಳು ಹತ್ತಿರ.

ಕೊಡುವಾಗ ನಾಲ್ಕು ಮಾತು ಸ್ಪಷ್ಟವಾಗಿ ಹೇಳಿ. ಮೂಲದ ಕೋನವನ್ನೇ ಇಡಬೇಕು, ಕೂಲೆಂಟ್ ಇಲ್ಲದೆ ಮುಟ್ಟಬಾರದು, ಓರೆ ಮುಖವನ್ನು ಮಾತ್ರ ಅರೆಯಬೇಕು, ಎರಡೂ ಒಂದೇ ಅಗಲಕ್ಕೆ ಬರಬೇಕು. ರಟ್ಟಿನ ಅಚ್ಚನ್ನೂ ಜೊತೆಗೆ ಕೊಡಿ. ಮರಳಿ ತರುವಾಗ ಅಂಚಿನಲ್ಲಿ ಹಳದಿ, ನೀಲಿ ಛಾಯೆ ಇದೆಯೇ ನೋಡಿ, ಇದ್ದರೆ ಅಲ್ಲೇ ತೋರಿಸಿ. ಎರಡನ್ನೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿದರೆ ವ್ಯತ್ಯಾಸ ಒಂದೆರಡು ಗ್ರಾಮಿನೊಳಗೆ ಇರಬೇಕು.

ಈ ದಾರಿಯ ತೊಂದರೆ ದುಡ್ಡಿಗಿಂತ ಹೆಚ್ಚಾಗಿ ಕಾಯುವಿಕೆ. ಸಣ್ಣ ಕೆಲಸಕ್ಕೆ ಯಾರೂ ಯಂತ್ರವನ್ನು ಹೊಸದಾಗಿ ಹೊಂದಿಸಲು ಮುಂದಾಗುವುದಿಲ್ಲ, ‘ನಾಳೆ ಬರ್ರಿ’ ಎನ್ನುತ್ತಾರೆ. ಇದಕ್ಕೆ ಪರಿಹಾರ ಇನ್ನೊಂದು ಜೋಡಿ ಬ್ಲೇಡು.

ಹೊಸ ಜೋಡಿ

ಹೊಸದನ್ನು ಸಾಣೆಗೆ ಬದಲಿಯಾಗಿ ಅಲ್ಲ, ಸಾಣೆಗೆ ಜೊತೆಯಾಗಿ ಕೊಳ್ಳುವುದೇ ಲಾಭ. ಒಂದು ಜೋಡಿ ಯಂತ್ರದಲ್ಲಿ, ಒಂದು ಜೋಡಿ ವರ್ಕ್‌ಶಾಪಿನಲ್ಲಿ ಇದ್ದರೆ ಕೂಲಿಯವರು ಬಂದ ದಿನ ಕೆಲಸ ನಿಲ್ಲುವುದಿಲ್ಲ. ಯಂತ್ರದ ಜೊತೆಯಲ್ಲೇ ಎರಡನೆಯ ಜೋಡಿಯನ್ನು ತೆಗೆದುಕೊಳ್ಳುವುದು ಉತ್ತಮ, ಏಕೆಂದರೆ ಒಂದೇ ಬಗೆಯ ಯಂತ್ರ ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಗುತ್ತದೆ, ಒಂದೇ ಹೆಸರಿನ ಯಂತ್ರದ ಬ್ಲೇಡಿನ ಅಳತೆಯೂ ಕಾಲಕ್ರಮದಲ್ಲಿ ಬದಲಾಗುತ್ತದೆ. ನಂತರ ಕೊಳ್ಳುವುದಾದರೆ ಹಳೆಯ ಬ್ಲೇಡನ್ನೇ ಕೈಯಲ್ಲಿ ಒಯ್ದು ಉದ್ದ, ಅಗಲ, ದಪ್ಪ, ರಂಧ್ರದಿಂದ ರಂಧ್ರಕ್ಕಿರುವ ಅಂತರ, ರಂಧ್ರದ ಬಾಯಿಯ ತಗ್ಗು ಎಲ್ಲವನ್ನೂ ಒಂದರ ಮೇಲೊಂದಿಟ್ಟು ಹೋಲಿಸಬೇಕು. ಫೋಟೊ ನೋಡಿ ಆನ್‌ಲೈನಿನಲ್ಲಿ ತರಿಸಿದ ಬ್ಲೇಡಿನ ರಂಧ್ರ ಅರ್ಧ ಮಿ.ಮೀ. ಆಚೀಚೆ ಇದ್ದರೂ ಅದನ್ನು ಕೊರೆದು ದೊಡ್ಡದು ಮಾಡಿ ಹಾಕಬಾರದು.

ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯನ್ನು ಕತ್ತರಿಸಿ ಬ್ಲೇಡು ಮಾಡಿಕೊಡುತ್ತೇವೆ ಎನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ. ಆ ಉಕ್ಕು ಕೆಟ್ಟದ್ದೇನಲ್ಲ, ಅದರಿಂದ ಒಳ್ಳೆಯ ಮಚ್ಚುಗಳಾಗುತ್ತವೆ. ಆದರೆ ವರ್ಷಗಟ್ಟಲೆ ಬಾಗಿ ಬಳಲಿದ ಪಟ್ಟಿಯೊಳಗೆ ಕಾಣದ ಬಿರುಕುಗಳಿರಬಹುದು, ಗ್ಯಾಸಿನಲ್ಲಿ ಕತ್ತರಿಸಿದಾಗ ಹದವೂ ಕೆಟ್ಟಿರುತ್ತದೆ. ಕೈಯಲ್ಲಿ ಹಿಡಿಯುವ ಮಚ್ಚು ಮುರಿದರೆ ಕಾಲ ಬಳಿ ಬೀಳುತ್ತದೆ, ವೇಗವಾಗಿ ತಿರುಗುವ ಚಕ್ರದ ಬ್ಲೇಡು ಮುರಿದರೆ ಎಲ್ಲಿಗೆ ಹೋಗುತ್ತದೆಂದು ಹೇಳಲಾಗದು. ಈ ಉಳಿತಾಯ ಬೇಡ.

ಕೂರಿಸುವುದರಲ್ಲಿ ಸಾಣೆಯ ಅರ್ಧ ಫಲ

ಚಿಪ್ಪರ್ ಕೆಲಸ ಮಾಡುವುದು ಕತ್ತರಿಯ ತತ್ತ್ವದಲ್ಲಿ. ತಿರುಗುವ ಬ್ಲೇಡಿನಷ್ಟೇ ಮುಖ್ಯವಾದದ್ದು ಕೆಳಗೆ ಸ್ಥಿರವಾಗಿ ನಿಂತ ಎದುರು ಬ್ಲೇಡು. ಅದರ ಮೂಲೆ ದುಂಡಾಗಿದ್ದರೆ, ಅಥವಾ ಎರಡರ ನಡುವಿನ ಅಂತರ ಹೆಚ್ಚಾಗಿದ್ದರೆ, ಹೊಸ ಬ್ಲೇಡೂ ಸೋಗೆಯನ್ನು ಕತ್ತರಿಸದೆ ಮಡಚಿ ಎಳೆಯುತ್ತದೆ. ಸಾಣೆ ಸರಿಯಾಗಿಲ್ಲ ಎಂದು ವರ್ಕ್‌ಶಾಪಿನವರನ್ನು ಬೈಯುವ ಅನೇಕ ಪ್ರಸಂಗಗಳಲ್ಲಿ ದೋಷ ಇರುವುದು ಇಲ್ಲಿ. ಎದುರು ಬ್ಲೇಡಿಗೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಉಪಯೋಗಿಸಬಹುದಾದ ಅಂಚುಗಳಿರುತ್ತವೆ, ಬಿಚ್ಚಿ ತಿರುಗಿಸಿ ಹಾಕಿದರೆ ಹೊಸ ಮೂಲೆ ಸಿಗುತ್ತದೆ.

ಅಂತರ ಎಷ್ಟಿರಬೇಕೆಂಬುದನ್ನು ಯಂತ್ರದ ಪುಸ್ತಕ ಹೇಳುತ್ತದೆ. ಸಣ್ಣ ಚಿಪ್ಪರ್‌ಗಳಲ್ಲಿ ಅದು ಸಾಮಾನ್ಯವಾಗಿ 1ರಿಂದ 3 ಮಿ.ಮೀ. ನಡುವೆ ಇರುತ್ತದೆ, ನಾರಿನ ಸೋಗೆಗೆ ಆ ಮಿತಿಯೊಳಗೆ ಕಡಿಮೆ ಇಟ್ಟಷ್ಟೂ ಒಳ್ಳೆಯದು. ಬೈಕ್ ಮೆಕ್ಯಾನಿಕ್ಕುಗಳ ಬಳಿಯಿರುವ ಫೀಲರ್ ಗೇಜಿನ ಎಲೆಗಳನ್ನು ಜೋಡಿಸಿ, ಪ್ರತಿ ಬ್ಲೇಡನ್ನೂ ಎದುರಿಗೆ ತಂದು, ಎರಡೂ ತುದಿಗಳಲ್ಲಿ ನೋಡಬೇಕು. ಸಾಣೆ ಹಿಡಿದಷ್ಟೂ ಬ್ಲೇಡಿನ ಅಗಲ ಕಡಿಮೆಯಾಗುವುದರಿಂದ ಪ್ರತಿ ಸಲವೂ ಈ ಅಂತರ ಮತ್ತೆ ಹೊಂದಿಸಬೇಕಾಗುತ್ತದೆ. ಹೊಂದಿಸಲು ಅವಕಾಶವೇ ಉಳಿಯದಷ್ಟು ಸವೆದಾಗ ಬ್ಲೇಡಿನ ಆಯಸ್ಸು ಮುಗಿಯಿತು.

ಬ್ಲೇಡು ಕೂರುವ ಜಾಗದಲ್ಲಿ ಒಂದು ಚೂರು ಒಣಗಿದ ಅಂಟು ಉಳಿದಿದ್ದರೂ ಬ್ಲೇಡು ಎದ್ದು ಕೂರುತ್ತದೆ, ಆದ್ದರಿಂದ ಕೆರೆದು ಒರೆಸಿಯೇ ಇಡಬೇಕು. ಬೋಲ್ಟುಗಳ ವಿಷಯದಲ್ಲಿ ರಾಜಿಯಿಲ್ಲ. ತಲೆಯ ಮೇಲೆ 8.8, 10.9, 12.9 ಎಂದು ಯಾವ ಅಂಕಿಯಿತ್ತೋ ಅದೇ ಅಂಕಿಯದು ಬೇಕು, ಲಾಕ್ ನಟ್ಟು ಪ್ರತಿ ಸಲವೂ ಹೊಸದು. ಬಿಗಿದ ಮೇಲೆ ಪ್ಲಗ್ ಹಾಕುವ ಮೊದಲು ಚಕ್ರವನ್ನು ಮರದ ಕೋಲಿನಿಂದ ಪೂರ್ತಿ ಸುತ್ತು ತಿರುಗಿಸಿ, ಎಲ್ಲಿಯೂ ಉಜ್ಜುವ ಸದ್ದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಮೊದಲ ಒಂದು ಗಂಟೆಯ ಕೆಲಸದ ನಂತರ ನಿಲ್ಲಿಸಿ ಬೋಲ್ಟುಗಳನ್ನು ಮತ್ತೊಮ್ಮೆ ನೋಡಬೇಕು.

ಯಾರಿಗೆ ಯಾವುದು

ದಾವಣಗೆರೆಯ ಬಡಾವಣೆಯ ಮನೆಯಲ್ಲಿ ನಾಲ್ಕು ತೆಂಗು, ಒಂದು ಬೇವು, ಒಂದಿಷ್ಟು ದಾಸವಾಳ ಇಟ್ಟುಕೊಂಡು ವರ್ಷಕ್ಕೆ ಕೆಲವೇ ಸಲ ಯಂತ್ರ ಓಡಿಸುವವರಿಗೆ ಡೈಮಂಡ್ ಪ್ಲೇಟು ಸಾಕು. ಮಣ್ಣು ಹಾಕದೆ ನೋಡಿಕೊಂಡರೆ ಅವರು ವರ್ಕ್‌ಶಾಪಿನ ಮುಖ ನೋಡುವುದು ಅಪರೂಪ. ನಾಲ್ಕೈದು ಎಕರೆ ಅಡಿಕೆಯ ಸೋಗೆಯನ್ನೆಲ್ಲ ಚೂರು ಮಾಡುವವರಿಗೆ ಎರಡು ಜೋಡಿ ಬ್ಲೇಡು, ಕೈಯಲ್ಲಿ ಆಗಾಗ ಉಜ್ಜುವ ಕಲ್ಲು, ಹಂಗಾಮಿಗೊಮ್ಮೆ ಕೂಲೆಂಟ್ ಗ್ರೈಂಡಿಂಗ್ ಈ ಮೂರೂ ಬೇಕು. ಹೊಸದುರ್ಗ, ಹಿರಿಯೂರಿನ ಕಡೆ ತೆಂಗಿನ ಮಟ್ಟೆಯನ್ನೂ ದಾಳಿಂಬೆಯ ಗಟ್ಟಿ ಕಡ್ಡಿಯನ್ನೂ ಒಂದೇ ಯಂತ್ರಕ್ಕೆ ಹಾಕುವವರು ಕೋನವನ್ನು 30ಕ್ಕೆ ಇಳಿಸುವ ಆಸೆ ಬಿಟ್ಟು, ಮೂಲದಲ್ಲಿ ಎಷ್ಟಿತ್ತೋ ಅಷ್ಟನ್ನೇ ಉಳಿಸಿಕೊಳ್ಳುವುದು ಕ್ಷೇಮ. ಯಂತ್ರವನ್ನು ಬಾಡಿಗೆಗೆ ಕೊಡುವವರು ಹೊರೆಗೆ ಇಷ್ಟು ಎಂದು ದರ ಹಾಕುವಾಗ ಸಾಣೆಯ ಖರ್ಚನ್ನೂ ಸೇರಿಸಿ, ಮಣ್ಣು ಮೆತ್ತಿದ ಸೋಗೆಗೆ ಬೇರೆ ದರ ಹೇಳಿದರೆ ತಪ್ಪಿಲ್ಲ.

ಮಳೆಗಾಲದಲ್ಲಿ ಯಂತ್ರ ತಿಂಗಳುಗಟ್ಟಲೆ ನಿಲ್ಲುವುದಾದರೆ ಬ್ಲೇಡನ್ನು ಅದರಲ್ಲೇ ಬಿಡಬೇಡಿ. ಹಸಿ ಸೋಗೆಯ ರಸ ಮತ್ತು ಜಾಲಿಯ ತೊಗರು ಸೇರಿ ಅಂಚಿನಲ್ಲಿ ತುಕ್ಕಿನ ಗುಳಿಗಳನ್ನು ಮಾಡುತ್ತವೆ, ಆ ಗುಳಿಯೇ ಮುಂದೆ ಮುಕ್ಕಾಗುತ್ತದೆ. ಬಿಚ್ಚಿ, ಒರೆಸಿ, ತೆಳುವಾಗಿ ಎಂಜಿನ್ ಆಯಿಲ್ ಸವರಿ, ಅಂಚಿಗೆ ಹಳೆಯ ಸೈಕಲ್ ಟ್ಯೂಬಿನ ಸೀಳನ್ನು ತೊಡಿಸಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿಡಿ. ಅದರ ಜೊತೆಗೆ ರಟ್ಟಿನ ಅಚ್ಚನ್ನೂ ಬೋಲ್ಟಿನ ಅಂಕಿ ಬರೆದ ಚೀಟಿಯನ್ನೂ ಕಟ್ಟಿಟ್ಟರೆ, ಮುಂದಿನ ಸಲ ಪೇಟೆಗೆ ಹೋಗುವವರು ಯಾರೇ ಆದರೂ ಒಂದೇ ಓಡಾಟದಲ್ಲಿ ಕೆಲಸ ಮುಗಿಸಿಕೊಂಡು ಬರುತ್ತಾರೆ.